ಅಪ್ಪನ ಕಡೆಯ ಯಹೂದಿ ಮೂಲ: ವೈ ಪರೀಕ್ಷೆಯಲ್ಲಿ ಜೆ1 ಬಂದರೆ ಕೋಹೆನ್ ಅನ್ನಬಹುದಾ?

ಹಾಳೆಹುಳ
ಅಪ್ಪನಿಂದ ಮಗನಿಗಷ್ಟೇ ಹೋಗೋ ವೈ ಕ್ರೋಮೋಸೋಮಿನ ಪರೀಕ್ಷೆ ಬಲ್ಲವರಿಗೆ ಒಂದು ಪ್ರಶ್ನೆ. ಪ್ರಕರಣ ಹೀಗಿದೆ. ಒಬ್ಬಾತನ ಅಪ್ಪನ ತಾತ 1900ರ ಸುಮಾರಿಗೆ ಗಲಿಷಿಯಾದಿಂದ (ಆಗ ಆಸ್ಟ್ರಿಯಾ ಸಾಮ್ರಾಜ್ಯ, ಈಗ ಪೋಲೆಂಡ್ ಮತ್ತು ಉಕ್ರೇನ್) ಹೆಂಡತಿ ಸಮೇತ ಲಂಡನ್ನಿಗೆ ಬಂದ ಯಹೂದಿ. "ನಮ್ಮದು ಕೋಹೆನ್ ವಂಶ" ಅಂತ ಮನೆಮಾತು. ಕನ್ನಡ ಬೈಬಲಿನಲ್ಲಿ ಯಾಜಕರು ಅಂತ ಬರ್ತಾರಲ್ಲ, ಆರೋನನ ಸಂತತಿ, ಅವರು. ತಾತನೂ ಅಪ್ಪನೂ ಮದುವೆಯಾದದ್ದು ಕ್ರೈಸ್ತ ಹೆಣ್ಣುಮಕ್ಕಳನ್ನ. ಮನೆಯಲ್ಲಿ ಕಾಗದಪತ್ರ ಏನೂ ಉಳಿದಿಲ್ಲ. ಈತ 37 ಮಾರ್ಕರಿನ (ವೈ ಮೇಲಿನ 37 ಗುರುತಿನ ಜಾಗ ನೋಡೋ) ವೈ ಪರೀಕ್ಷೆ ಮಾಡಿಸಿದ, ಜೆ1 ಅನ್ನೋ ಗುಂಪು ಬಂತು. ಇಷ್ಟಕ್ಕೇ ಕೋಹೆನ್ ಅನ್ನಬಹುದಾ? ಹೊಂದಿಕೆ ಪಟ್ಟಿಯಲ್ಲಿ, ಅಂದರೆ ಇವನ ವೈಗೆ ಹೋಲೋ ವೈ ಇರೋರ ಪಟ್ಟಿಯಲ್ಲಿ, ಮೂವತ್ತು ಜನ ಇದ್ದಾರೆ, ಒಬ್ಬರ ಸರ್‌ನೇಮೂ ಇವನದಕ್ಕೆ ತಾಳೆಯಾಗಲ್ಲ. ಅಲ್ಲೇ ಏನೋ ಎಡವಟ್ಟಾಗಿದೆ ಅನ್ನಿಸುತ್ತೆ.

ಮೂರನೇಬೆಂಚು
ಅನ್ನೋಕಾಗಲ್ಲ. ಮುಂದಿನ ಪ್ರಶ್ನೆ?

ಪಿಪೆಟ್ಟು
ಮೂರನೇಬೆಂಚು ಹೇಳಿದ್ದು ಸರಿ, ಯಾಕೆ ಅಂತ ಹೇಳ್ತೀನಿ.

ಜೆ1 ಸಾವಿರಾರು ವರ್ಷ ಹಳೆಯ ಮರ. ಅದರೊಳಗಿನ ಪಿ58 ಅನ್ನೋ ಕೊಂಬೆ ಅರೇಬಿಯಾದಲ್ಲಿ, ಅದರಲ್ಲೂ ಯೆಮೆನ್ ಕಡೆ, ತೀರಾ ಸಾಮಾನ್ಯ. ಜೆ1 ಬಂದವರೆಲ್ಲ ಕೋಹೆನ್ ಅನ್ನೋದಾದರೆ ಅರೇಬಿಯಾದ ಅರ್ಧ ಜನ ಪುರೋಹಿತರಾಗಬೇಕು.

ಈ ಗೊಂದಲದ ಬೇರು 1997ರಲ್ಲಿದೆ. ಕಾರ್ಲ್ ಸ್ಕೊರೆಕಿ, ಮೈಕಲ್ ಹ್ಯಾಮರ್ ಮತ್ತಿತರರು 'ನೇಚರ್' ಪತ್ರಿಕೆಯಲ್ಲಿ ಕೋಹೆನ್ ಗಂಡಸರ ವೈ ಉಳಿದ ಯಹೂದಿಗಳದಕ್ಕಿಂತ ಭಿನ್ನವಾಗಿದೆ ಅಂತ ತೋರಿಸಿದರು. ಮರುವರ್ಷ ಆರು ಮಾರ್ಕರುಗಳ ಒಂದು ನಮೂನೆ ಕೊಟ್ಟರು, ಅದಕ್ಕೆ ಕೋಹೆನ್ ಮಾದರಿ ಹ್ಯಾಪ್ಲೊಟೈಪ್ ಅಂತ ಹೆಸರಾಯ್ತು. ಅಶ್ಕೆನಾಜಿ (ಮಧ್ಯ ಮತ್ತು ಪೂರ್ವ ಯುರೋಪಿನ ಯಹೂದಿ) ಮತ್ತು ಸೆಫಾರ್ಡಿ (ಸ್ಪೇನ್ ಕಡೆ ಮೂಲದ ಯಹೂದಿ) ಕೋಹೆನ್‌ಗಳಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಅದು ಸಿಕ್ಕಿತ್ತು. ಪತ್ರಿಕೆಗಳು ಅದನ್ನೇ "ಕೋಹೆನ್ ಜೀನ್" ಅಂತ ಬರೆದವು. ಅದು ಜೀನೇ ಅಲ್ಲ. ಯಾವ ಕೆಲಸವನ್ನೂ ಮಾಡದ ಜಾಗದಲ್ಲಿ ಒಂದು ಸಣ್ಣ ತುಣುಕು ಎಷ್ಟು ಸಲ ಮರುಕಳಿಸಿದೆ ಅನ್ನೋ ಎಣಿಕೆ ಅಷ್ಟೆ.

ಆರೇ ಮಾರ್ಕರು ಅಂದಮೇಲೆ ಸಂಬಂಧವೇ ಇಲ್ಲದವರಲ್ಲೂ ಅವೇ ಸಂಖ್ಯೆಗಳು ಬಂದವು. ಆಗ 2009ರಲ್ಲಿ ಹ್ಯಾಮರ್ ತಂಡ 215 ಕೋಹೆನ್‌ಗಳನ್ನು ಮತ್ತೆ ನೋಡಿತು. 46.1% ಜನ ಪಿ58, 14.4% ಜನ ಬೇರೆಯದೇ ಗುಂಪಾದ ಜೆ2ದ ಎಂ410 ಕೊಂಬೆ. ಮಾರ್ಕರುಗಳನ್ನು ಹನ್ನೆರಡಕ್ಕೆ ಏರಿಸಿ ಮಾಡಿದ ವಿಸ್ತೃತ ನಮೂನೆ 29.8% ಜನರಲ್ಲಿ ಸಿಕ್ಕಿತು. ಅವರು ಪರೀಕ್ಷಿಸಿದ ಯಹೂದಿಯೇತರರಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಜೆ1 ಅನ್ನೋ ಎರಡಕ್ಷರ ಬಿಡಿ, ಸಂಖ್ಯೆಗಳನ್ನ ಹಾಕಿ.

ಜ್ವಾಳದರೊಟ್ಟಿ
ಇದು ನಮ್ಮ ಗೋತ್ರ ಇದ್ದಂಗ ಅಲ್ಲೇನ್ರಿ? ಅಪ್ಪನಿಂದ ಮಗಗ, ಮಗನಿಂದ ಮೊಮ್ಮಗಗ.

ಅಡ್ಡಗೋಡೆ
ಮೇಲ್ನೋಟಕ್ಕೆ ಹೌದು ರೊಟ್ಟಿಯವರೇ, ಒಳಗೆ ಬೇರೆ. ದತ್ತು ಹೋದ ಮಗನಿಗೆ ನಮ್ಮಲ್ಲಿ ಸಾಕಿದಪ್ಪನ ಗೋತ್ರ ಬರುತ್ತೆ. ಕೋಹೆನ್‌ತನ ದತ್ತಿನಿಂದ ಬರಲ್ಲ, ಮತಾಂತರದಿಂದಲೂ ಬರಲ್ಲ. ಆದರೆ ಕಳೆದುಹೋಗಬಹುದು. ಕೋಹೆನ್ ಒಬ್ಬ ವಿಚ್ಛೇದಿತೆಯನ್ನು ಮದುವೆಯಾದರೆ ಮಗ ಯಹೂದಿಯೇ, ಆದರೆ ಕೋಹೆನ್ ಅಲ್ಲ. ವೈ ಮಾತ್ರ ಅದೇ.

ಇನ್ನು ಹಾಳೆಹುಳ ಕೊಟ್ಟ ಪ್ರಕರಣ. ಯಹೂದಿ ಧರ್ಮಶಾಸ್ತ್ರದಲ್ಲಿ ಯಹೂದಿತನ ಬರೋದು ತಾಯಿಯಿಂದ, ಕೋಹೆನ್ ಅಥವಾ ಲೇವಿ (ದೇವಾಲಯದಲ್ಲಿ ಯಾಜಕರಿಗೆ ನೆರವಾಗ್ತಿದ್ದ ಕುಲ) ಅನ್ನೋ ಸ್ಥಾನ ತಂದೆಯಿಂದ. ತಾತ ಕೋಹೆನ್ ಆಗಿದ್ದರೂ ಅಜ್ಜಿ ಕ್ರೈಸ್ತಳು. ಆಕೆಯ ಮಗ ಶಾಸ್ತ್ರದ ಪ್ರಕಾರ ಯಹೂದಿಯೇ ಅಲ್ಲ, ಕೋಹೆನ್ ಎಲ್ಲಿಂದ? ಆ ಸ್ಥಾನ ಅಲ್ಲಿಗೇ ನಿಂತುಹೋಯ್ತು. ವೈ ಮಾತ್ರ ಮುಂದೆ ಬಂದಿದೆ. ಆದ್ದರಿಂದ ಪ್ರಶ್ನೆಯನ್ನು "ಈತ ಕೋಹೆನ್ನಾ?" ಅಂತ ಕೇಳಬೇಡಿ, "ಈತನ ಮುತ್ತಾತ ಕೋಹೆನ್ ಆಗಿದ್ದನಾ?" ಅಂತ ಕೇಳಿ.

ಹಾಳೆಹುಳ
ಒಪ್ಪಿದೆ, ಪ್ರಶ್ನೆ ತಿದ್ದಿಕೊಂಡೆ. ಮಾರ್ಕರುಗಳ ಸಂಖ್ಯೆಗಳು ಇಲ್ಲಿವೆ: ಡಿವೈಎಸ್393 = 12, 390 = 23, 19 = 14, 391 = 10, 388 = 16, 392 = 11.

ಪಿಪೆಟ್ಟು
ಆರಕ್ಕೆ ಆರು! 1998ರ ನಮೂನೆ ತಪ್ಪದೆ ಇದೇ. 388ರಲ್ಲಿ 16 ಇರೋದು ಜೆ1ಕ್ಕೆ ತಕ್ಕಂತಿದೆ. ಉಳಿದ ಬಹುಪಾಲು ಗುಂಪುಗಳಲ್ಲಿ ಅಲ್ಲಿ 12 ಇರುತ್ತೆ. ಆದರೂ ಕುಣಿಯಬೇಡಿ. ಫಲಿತಾಂಶದ ಪುಟದಲ್ಲಿ ಹ್ಯಾಪ್ಲೊಗ್ರೂಪ್ ಹೆಸರು, ಅಂದರೆ ಜೆ1 ಅನ್ನೋ ಗುಂಪಿನ ಹೆಸರು, ಕೆಂಪಿನಲ್ಲಿದೆಯಾ ಹಸಿರಿನಲ್ಲಿದೆಯಾ?

ಹಾಳೆಹುಳ
ಕೆಂಪು.

ಪಿಪೆಟ್ಟು
ಹಾಗಾದರೆ ಅದು ಅಂದಾಜು. ಸಂಖ್ಯೆ ನೋಡಿ ಗಣಕ ಊಹಿಸಿದ್ದು. ಹಸಿರು ಅಂದರೆ ಆ ಗುಂಪಿನ ಗುರುತಿನ ಅಕ್ಷರ ಬದಲಾವಣೆಯನ್ನ, ಅಂದರೆ ಸ್ನಿಪ್ಪನ್ನ, ಓದಿಯೇ ಹೇಳಿದ್ದು. ಮರುಕಳಿಕೆಯ ಎಣಿಕೆ ಮೇಲೂ ಹೋಗುತ್ತೆ ಕೆಳಗೂ ಬರುತ್ತೆ, 14 ಇದ್ದದ್ದು 15 ಆಗಿ ಮತ್ತೆ 14 ಆಗಬಹುದು. ಸ್ನಿಪ್ ಹಾಗೆ ವಾಪಸ್ ಬರೋದು ತೀರಾ ಅಪರೂಪ. ಕೋಹೆನ್ ಗುಂಪಿನವರು ಪಿ58ರ ಕೆಳಗೆ ಝೆಡ್18271 ಅನ್ನೋ ಸಣ್ಣ ಕೊಂಬೆಯಲ್ಲಿ ಕೂತಿದ್ದಾರೆ. ಈತ ಅಲ್ಲಿ ಬೀಳ್ತಾನಾ ಅನ್ನೋದೇ ಪ್ರಶ್ನೆ. ಅದಕ್ಕೆ ಬಿಗ್ ವೈ 700 ಥರದ, ವೈಯ ಸ್ನಿಪ್‌ಗಳನ್ನ ವಿಸ್ತಾರವಾಗಿ ಓದೋ ಪರೀಕ್ಷೆ ಬೇಕು.

ಸೊನ್ನೆಒಂದು
ಹೊಂದಿಕೆ ಪಟ್ಟಿ ಓದೋವಾಗ ಎಲ್ಲರೂ ಮಾಡೋ ಒಂದು ತಪ್ಪು ಹೇಳಿಬಿಡ್ತೀನಿ. 389 ಅನ್ನೋ ಮಾರ್ಕರಿಗೆ ಎರಡು ಸಂಖ್ಯೆ ಇರುತ್ತೆ, 389-1 ಮತ್ತು 389-2. ಎರಡನೆಯದರ ಒಳಗೆ ಮೊದಲನೆಯದು ಸೇರಿದೆ. ಒಬ್ಬನಿಗೆ 13 ಮತ್ತು 30, ಇನ್ನೊಬ್ಬನಿಗೆ 14 ಮತ್ತು 31 ಇದ್ದರೆ ಎರಡು ವ್ಯತ್ಯಾಸ ಅಂತ ಕಾಣುತ್ತೆ. ಕಳೆದು ನೋಡಿ: 30ರಲ್ಲಿ 13 ಹೋದರೆ 17, 31ರಲ್ಲಿ 14 ಹೋದರೂ 17. ಬದಲಾದದ್ದು ಒಂದೇ ಜಾಗ. ಕಂಪನಿಯ ತಂತ್ರಾಂಶ ಇದನ್ನ ಸರಿಯಾಗಿ ಎಣಿಸುತ್ತೆ, ಕೈಯಲ್ಲಿ ಎಕ್ಸೆಲ್ ಮಾಡ್ಕೊಳ್ಳೋರು ಎಡವೋದು ಇಲ್ಲೇ.

ಎರಡನೆಯದು 464. ಅದು ಸಾಮಾನ್ಯವಾಗಿ ನಾಲ್ಕು ಪ್ರತಿಗಳಲ್ಲಿ ಇರುತ್ತೆ. ವೈ ತನ್ನೊಳಗಿನ ಒಂದು ಪ್ರತಿಯನ್ನ ಇನ್ನೊಂದರ ಮೇಲೆ ಬರೆದುಕೊಳ್ಳೋದುಂಟು, ಆಗ 464ರ ಜೊತೆ 459ರಂಥ ಹತ್ತಿರದ ಮಾರ್ಕರೂ ಒಂದೇ ಏಟಿಗೆ ಬದಲಾಗಬಹುದು. ಐದಾರು ವ್ಯತ್ಯಾಸ ಕಾಣುತ್ತೆ, ಘಟನೆ ಒಂದೇ.

37 ಮಾರ್ಕರಿನಲ್ಲಿ 4 ವ್ಯತ್ಯಾಸದವರೆಗೆ ಪಟ್ಟಿಗೆ ಹಾಕ್ತಾರೆ, 111ರಲ್ಲಿ 10ರವರೆಗೆ. ಅಶ್ಕೆನಾಜಿಗಳಲ್ಲಿ 37ಕ್ಕೆ 3 ಅಥವಾ 4 ದೂರ ಅಂದರೆ ಸಾವಿರ ವರ್ಷದ ಹಿಂದಿನ ದಾಯಾದಿಯೂ ಇರಬಹುದು. ಮೂವತ್ತು ಜನರಲ್ಲಿ 0 ಮತ್ತು 1 ದೂರದವರು ಎಷ್ಟು, ಅದನ್ನ ನೋಡಿ. ಉಳಿದವರಿಗೆ ಮಿಂಚಂಚೆ ಬರೆಯೋದು ದಂಡ.

ಹಾಳೆಹುಳ
0 ದೂರ ಯಾರೂ ಇಲ್ಲ, 1 ದೂರ ಇಬ್ಬರು. ಸರ್‌ನೇಮ್ ಬೇರೆ ಬೇರೆ.

ಗೋರಿಗಲ್ಲು
ಸರ್‌ನೇಮ್ ತಾಳೆಯಾಗದಿರೋದು ಎಡವಟ್ಟಲ್ಲ ಸ್ವಾಮಿ, ಅಲ್ಲಿ ಅದೇ ಸಹಜ. ಆಸ್ಟ್ರಿಯಾದಲ್ಲಿ ಎರಡನೇ ಜೋಸೆಫ್ 1787ರಲ್ಲಿ ಯಹೂದಿಗಳು ಖಾಯಂ ಸರ್‌ನೇಮ್ ಇಟ್ಟುಕೊಳ್ಳಲೇಬೇಕು ಅಂತ ಆಜ್ಞೆ ಹೊರಡಿಸಿದ. ರಷ್ಯಾದಲ್ಲಿ 1804, ಪ್ರಷ್ಯಾದಲ್ಲಿ 1812. ಅದಕ್ಕೆ ಮುಂಚೆ "ಇಂಥವನ ಮಗ ಇಂಥವ" ಅಷ್ಟೇ. ನಮ್ಮ ಹಳೇ ಮೈಸೂರಿನ ಕಡೆ ಇನಿಷಿಯಲ್ ಇದ್ದಹಾಗೆ ಅಂದ್ಕೊಳ್ಳಿ. ಒಂದೇ ಅಪ್ಪನ ಮೂರು ಮಕ್ಕಳು ಮೂರು ಊರಲ್ಲಿದ್ದರೆ ಮೂರು ಸರ್‌ನೇಮ್ ಬಿದ್ದಿರಬಹುದು. 1787ಕ್ಕಿಂತ ಹಿಂದೆ ಕವಲೊಡೆದ ದಾಯಾದಿಗಳಿಗೆ ಒಂದೇ ಸರ್‌ನೇಮ್ ಇದ್ದರೇ ಆಶ್ಚರ್ಯ.

ಗಲಿಷಿಯಾದಲ್ಲಿ ಇನ್ನೊಂದು ಗಂಟಿದೆ. ಅಲ್ಲಿ ಅನೇಕರು ಶಾಸ್ತ್ರೋಕ್ತ ಮದುವೆ ಮಾತ್ರ ಆಗ್ತಿದ್ದರು, ಸರ್ಕಾರದಲ್ಲಿ ನೋಂದಾಯಿಸ್ತಿರಲಿಲ್ಲ. ಅಂಥ ಮಕ್ಕಳನ್ನ ಜನನ ಪುಸ್ತಕದಲ್ಲಿ ಅಕ್ರಮ ಸಂತಾನ ಅಂತ ಬರೆದು ತಾಯಿಯ ಸರ್‌ನೇಮ್ ಕೊಡ್ತಿದ್ದರು. ಈತ ಹೊತ್ತಿರೋ ಸರ್‌ನೇಮೇ ಮುತ್ತಜ್ಜಿಯೋ ಮುತ್ತಾತನ ತಾಯಿಯೋ ಕೊಟ್ಟದ್ದಿರಬಹುದು. ವೈ ಹೋಗೋ ದಾರಿ ಒಂದು, ಸರ್‌ನೇಮ್ ಹೋಗೋ ದಾರಿ ಇನ್ನೊಂದು.

ಮೂರನೇಬೆಂಚು
ಸರ್‌ನೇಮ್ ಕೋಹೆನ್ ಅಂತಲೇ ಇದ್ದರೆ?

ಗೋರಿಗಲ್ಲು
ಸುಳಿವು, ಪುರಾವೆ ಅಲ್ಲ. ಕಾನ್, ಕಗಾನ್, ಕೋಗನ್ ಎಲ್ಲ ಅದರ ರೂಪಗಳೇ; ರಷ್ಯನ್ನಿನಲ್ಲಿ 'ಹ' ಇಲ್ಲ, 'ಗ' ಆಯ್ತು. ಕಾಟ್ಜ್ ಅಂದರೆ 'ಕೋಹೆನ್ ಟ್ಸೆದೆಕ್'ನ ಮೊದಲಕ್ಷರಗಳು. ಸೆಗಲ್ ಇದ್ದರೆ ಲೇವಿ ಕಡೆ. ಆದರೆ ಈಗಷ್ಟೇ ಹೇಳಿದ ಹಾಗೆ ತಾಯಿಯಿಂದಲೂ ಬಂದಿರಬಹುದು.

ಜ್ವಾಳದರೊಟ್ಟಿ
ಲೇವಿ ಅಂದ್ರಲ್ಲ, ಅವರದು ಆರ್1ಎ ಅಂತ ಓದೇನಿ. ನಮ್ಮ ಕಡೆ ಮಂದಿಗೂ ಆರ್1ಎ ಭಾಳ ಬರತದ. ಹಂಗಂದ್ರ ನಾವೂ ಲೇವಿ ಏನು? 😄

ಸೊನ್ನೆಒಂದು
ಈ ಪ್ರಶ್ನೆ ಬಂದೇ ಬರುತ್ತೆ ಅಂತ ಕಾಯ್ತಿದ್ದೆ. ಅಶ್ಕೆನಾಜಿ ಲೇವಿಗಳಲ್ಲಿ ಅರ್ಧದಷ್ಟು ಜನ ಆರ್1ಎ, ನಿಜ. 2003ರಲ್ಲಿ ಅದನ್ನ ಕಂಡಾಗ ಪೂರ್ವ ಯುರೋಪಿನ ಯಾರೋ ಸೇರಿಕೊಂಡಿರಬೇಕು ಅಂದುಕೊಂಡರು. 2013ರಲ್ಲಿ ಎಂ582, 2017ರಲ್ಲಿ ಇನ್ನೂ ಕೆಳಗಿನ ವೈ2619 ಅಂತ ಕೊಂಬೆ ಗುರುತಿಸಿದ ಮೇಲೆ ಮೂಲ ಪಶ್ಚಿಮ ಏಷ್ಯಾ ಕಡೆ ಅಂತ ತಿದ್ದಿಕೊಂಡರು. ಈ ಕೊಂಬೆ ಝೆಡ್93ರ ಕೆಳಗೆ ಬರುತ್ತೆ. ಭಾರತದ ಆರ್1ಎ ಕೂಡ ಹೆಚ್ಚಿನದು ಝೆಡ್93ರದೇ, ಆದರೆ ಎಲ್657 ಅನ್ನೋ ಬೇರೆ ಕೊಂಬೆ. ಇಬ್ಬರೂ ಸೇರೋ ಅಪ್ಪ ನಾಲ್ಕು ಸಾವಿರ ವರ್ಷಕ್ಕಿಂತ ಹಿಂದಿನವನು. ಆಗ ಲೇವಿಯೂ ಇಲ್ಲ, ಯಹೂದಿಯೂ ಇಲ್ಲ. ಜೆ2 ಬಂದ ಭಾರತೀಯರಿಗೂ ಇದೇ ಮಾತು. ಮರದ ಬುಡದ ಹೆಸರು ನೋಡಿ ನೆಂಟಸ್ತನ ಕಟ್ಟಬಾರದು, ಎಲೆಯ ಹೆಸರು ನೋಡಬೇಕು.

ಅಡ್ಡಗೋಡೆ
"ಯಹೂದಿ ಹ್ಯಾಪ್ಲೊಗ್ರೂಪ್" ಅಂತ ಒಂದಿಲ್ಲ ಅನ್ನೋದನ್ನ ದಪ್ಪಕ್ಷರದಲ್ಲಿ ಬರೀರಿ ಯಾರಾದರೂ. ಜೆ1, ಜೆ2, ಇ1ಬಿ, ಜಿ, ಆರ್1ಬಿ, ಕ್ಯೂ ಎಲ್ಲವೂ ಅಶ್ಕೆನಾಜಿಗಳಲ್ಲಿವೆ.

ಪಿಪೆಟ್ಟು
ಸರಿ. ಆದರೆ ಎಲೆ ಮಟ್ಟದಲ್ಲಿ "ಯಹೂದಿಗಳಲ್ಲಿ ಮಾತ್ರ ಕಂಡ ಕೊಂಬೆ" ಅಂತ ಧಾರಾಳವಾಗಿ ಇವೆ. ಅದನ್ನೂ ಮರೆಯಬಾರದು. ಬುಡದಲ್ಲಿ ಅನುಮಾನ ಪಡಿ, ತುದಿಯಲ್ಲಿ ನಂಬಿ.

ಅಂದಹಾಗೆ, 2023ರಲ್ಲಿ ವೈ ಕ್ರೋಮೋಸೋಮನ್ನ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಮೊದಲ ಸಲ ಪೂರ್ತಿ ಓದಿದರಲ್ಲ, ಸುಮಾರು 6.25 ಕೋಟಿ ಅಕ್ಷರ, ಆ ಮಾದರಿ ಅಶ್ಕೆನಾಜಿ ಗಂಡಸೊಬ್ಬನದು. ಅದೂ ಜೆ1ವೇ.

ಸೊನ್ನೆಒಂದು
ಹಾಳೆಹುಳ ಅವರೇ, ಬಿಗ್ ವೈಗೆ ದುಡ್ಡು ಸುರಿಯೋ ಮುಂಚೆ ಅಗ್ಗದ ಆಟೊಸೋಮಲ್ ಪರೀಕ್ಷೆ (ಅಪ್ಪ ಅಮ್ಮ ಇಬ್ಬರಿಂದಲೂ ಬಂದ ಡಿಎನ್‌ಎ ನೋಡೋದು) ಮಾಡಿಸಿ. ಮುತ್ತಾತ ಮುತ್ತಜ್ಜಿ ಇಬ್ಬರೂ ಯಹೂದಿ ಅಂದಮೇಲೆ ತಾತ ಪೂರ್ತಿ ಅಶ್ಕೆನಾಜಿ, ಅಪ್ಪ ಅರ್ಧ, ಈತ ಕಾಲು. ಫಲಿತಾಂಶದಲ್ಲಿ ಅಶ್ಕೆನಾಜಿ ಪಾಲು 25%ರ ಆಸುಪಾಸು ಇರಬೇಕು, ಐದಾರು ಅಂಶ ಹೆಚ್ಚುಕಡಿಮೆ. ಸೊನ್ನೆ ಬಂದರೆ ವೈ ಏನೇ ಹೇಳಲಿ ಕಥೆಯಲ್ಲೇ ತೂತಿದೆ. 1% ಬಂದರೆ ಅದು ಗದ್ದಲ, ಲೆಕ್ಕಕ್ಕಿಲ್ಲ. ಅಶ್ಕೆನಾಜಿ ಪಾಲು ಗುರುತಿಸೋದರಲ್ಲಿ ಈ ಪರೀಕ್ಷೆಗಳು ಚೆನ್ನಾಗಿವೆ, ಯಾಕಂದರೆ ಇಡೀ ಸಮುದಾಯ ಮಧ್ಯಯುಗದಲ್ಲಿ ಕೆಲವೇ ನೂರು ಜನರಿಂದ ಬೆಳೆದದ್ದು.

ಅದೇ ಕಾರಣಕ್ಕೆ ನೆಂಟರ ಪಟ್ಟಿ ಮಾತ್ರ ನಂಬಬೇಡಿ. ಎಲ್ಲರೂ ಎಲ್ಲರಿಗೂ ಹತ್ತು ದಾರಿಯಲ್ಲಿ ದೂರದ ನೆಂಟರು, ಸಣ್ಣ ಸಣ್ಣ ತುಣುಕು ಕೂಡಿ ದೊಡ್ಡ ಮೊತ್ತ ತೋರಿಸುತ್ತೆ. ಒಟ್ಟು ಮೊತ್ತ ಬಿಟ್ಟು ಅತಿ ಉದ್ದದ ಒಂದೇ ತುಣುಕು ನೋಡಿ. 20 ಸೆಂಟಿಮಾರ್ಗನ್ (ಡಿಎನ್‌ಎ ತುಣುಕಿನ ಅಳತೆ) ದಾಟಿದ್ದರೆ ಮುಂದುವರಿಯಿರಿ, ಇಲ್ಲದಿದ್ದರೆ ಬಿಡಿ.

ಕಡಲತಡಿ
ಇಷ್ಟೆಲ್ಲ ಪೋಲೆಂಡ್ ಆಯ್ತು ಮಾರಾಯ್ರೆ, ನಮ್ಮ ಮಂಗಳೂರಲ್ಲೇ ಯಹೂದಿ ಇದ್ದ ಅಲ್ವಾ? ಅಬ್ರಹಾಂ ಬೆನ್ ಯಿಜು, ಟ್ಯುನೀಶಿಯಾದ ವ್ಯಾಪಾರಿ. 12ನೇ ಶತಮಾನದಲ್ಲಿ ಹದಿನೇಳು ವರ್ಷದ ಹತ್ತಿರ ಇಲ್ಲಿದ್ದ. ಅವನ ಸಂತತಿ ಈಗ ಎಲ್ಲಿ ಉಂಟು ಅಂತ ವೈ ಹಿಡಿದು ಹುಡುಕಲಿಕ್ಕೆ ಆಗ್ತದಾ?

ಗೋರಿಗಲ್ಲು
ಆಗಲ್ಲ. ಕಾಗದ ಇದೆ, ವೈ ಇಲ್ಲ. ಕೈರೋದ ಗೆನಿಜಾದಲ್ಲಿ (ಸಿನಗಾಗಿನಲ್ಲಿ ಹಳೇ ಕಾಗದ ಕೂಡಿಡ್ತಿದ್ದ ಕೋಣೆ) ಸಿಕ್ಕ ಪತ್ರಗಳಲ್ಲಿ ಬೆನ್ ಯಿಜುವಿನ ಮಕ್ಕಳವರೆಗೆ ತಿಳಿಯುತ್ತೆ. ಆಮೇಲೆ ಎಳೆ ತಪ್ಪಿದೆ. "ನಾನು ಆ ಗಂಡುಸಾಲಿನವನು" ಅಂತ ದಾಖಲೆ ಸಮೇತ ನಿಲ್ಲೋ ಒಬ್ಬನಾದರೂ ಬದುಕಿರಬೇಕು, ಇಲ್ಲದಿದ್ದರೆ ಯಾವ ವೈಯನ್ನ ಯಾವುದಕ್ಕೆ ಹೋಲಿಸ್ತೀರಿ?

ಆ ಪತ್ರಗಳಲ್ಲಿ ಈ ಚರ್ಚೆಗೆ ಬೇಕಾದದ್ದು ಇನ್ನೊಂದಿದೆ. ಅಶು ಎಂಬ ದಾಸಿಯನ್ನ ಅವನು 1132ರಲ್ಲಿ ಬಿಡುಗಡೆ ಮಾಡಿದ ಪತ್ರ. ಅವನ ಮಕ್ಕಳ ತಾಯಿ ಅವಳೇ ಅನ್ನೋದು ವಿದ್ವಾಂಸರ ತೀರ್ಮಾನ. ಅಡ್ಡಗೋಡೆ ಹೇಳಿದ್ದು ನೆನಪಿಸಿಕೊಳ್ಳಿ: ತಾಯಿ ಯಹೂದಿ ಆಗದಿದ್ದರೆ ಮಕ್ಕಳು ಯಹೂದಿ ಆಗಲ್ಲ. ಬಿಡುಗಡೆಯಾದ ದಾಸಿ ಶಾಸ್ತ್ರದ ಪ್ರಕಾರ ಯಹೂದಿಯಾಗ್ತಾಳೆ, ಆ ಪತ್ರದ ತೂಕ ಅಲ್ಲಿದೆ.

ಕಡಲತಡಿ
ಮತ್ತೆ ಕೊಂಕಣದ ಹಳೇ ಯಹೂದಿ ಸಮುದಾಯ, ಬೆನೆ ಇಸ್ರೇಲಿಗಳು?

ಪಿಪೆಟ್ಟು
ಅವರ ಮೇಲೆ ಒಳ್ಳೇ ಕೆಲಸ ಆಗಿದೆ. 2016ರ ಅಧ್ಯಯನದಲ್ಲಿ 18 ಜನರ ಇಡೀ ಜೀನೋಮಿನ ಗುರುತುಗಳನ್ನ ನೋಡಿದರು. ಪಶ್ಚಿಮ ಏಷ್ಯಾದ ಯಹೂದಿ ಪಾಲು, ಭಾರತದ ಪಾಲು ಎರಡೂ ಗಣನೀಯ. ಬೆರೆತದ್ದು 19ರಿಂದ 33 ತಲೆಮಾರು ಹಿಂದೆ. ಯಹೂದಿ ಪಾಲು ಹೆಚ್ಚಾಗಿ ಗಂಡಸರಿಂದ, ಭಾರತೀಯ ಪಾಲು ಹೆಂಗಸರಿಂದ. ಅಲ್ಲಿ ಸರ್‌ನೇಮ್ ಹಿಡಿದು ಹೋಗೋರಿಗೆ ಒಂದು ಎಚ್ಚರಿಕೆ: 'ಕರ್' ಅಂತ ಮುಗಿಯೋ ಹೆಸರುಗಳು ಊರಿನಿಂದ ಬಂದವು, ಗಂಡುಸಾಲಿನಿಂದ ಅಲ್ಲ. ಒಂದೇ ಊರಿನ ಎರಡು ಮನೆಗಳ ವೈ ಬೇರೆ ಬೇರೆ ಇರಬಹುದು.

ಮೂರನೇಬೆಂಚು
ಹೆಂಗಸರು ಈ ಪರೀಕ್ಷೆ ಮಾಡಿಸಿದರೆ?

ಸೊನ್ನೆಒಂದು
ವೈ ಇಲ್ಲ, ಫಲಿತಾಂಶವೂ ಇಲ್ಲ. ಅಣ್ಣತಮ್ಮ, ಅಪ್ಪ, ಚಿಕ್ಕಪ್ಪ, ದೊಡ್ಡಪ್ಪನ ಮಗ, ಇವರಲ್ಲಿ ಒಬ್ಬರ ಮಾದರಿ ಬೇಕು. ಮಾವನ ಮಗ, ಅತ್ತೆಯ ಮಗ ಆಗಲ್ಲ. ಮನೆಯಲ್ಲಿ ಹಿರಿಯ ಗಂಡಸು ಬದುಕಿದ್ದರೆ ಮೊದಲು ಅವರದೇ ತೆಗೆಸಿ. ಅವರಿಗೆ ಉಗುಳು ತುಂಬೋ ಕೊಳವೆ ಕಷ್ಟ, ಬಾಯಿ ಒಣಗಿರುತ್ತೆ, ಮಾದರಿ ಸಾಲದೆ ವಾಪಸ್ ಬರುತ್ತೆ. ಕೆನ್ನೆ ಒಳಗೆ ಉಜ್ಜೋ ಕಡ್ಡಿಯ ಕಿಟ್ ಒಳ್ಳೇದು. ಒಂದು ಗಂಟೆ ಮುಂಚೆಯಿಂದ ಊಟ, ಕಾಫಿ, ಎಲೆಅಡಿಕೆ ಏನೂ ಬೇಡ. ಒಂದೊಂದು ಕೆನ್ನೆಗೆ ಒಂದೊಂದು ಕಡ್ಡಿ, ಅರ್ಧದಿಂದ ಒಂದು ನಿಮಿಷ ಗಟ್ಟಿಯಾಗಿ ಉಜ್ಜಬೇಕು. ಮೆಲ್ಲಗೆ ಸವರಿದರೆ ಎಂಜಲು ಬರುತ್ತೆ, ಜೀವಕೋಶ ಬರಲ್ಲ.

ಒಬ್ಬನದೇ ಫಲಿತಾಂಶದ ಮೇಲೆ ನಿಲ್ಲಬೇಡಿ. ಮಧ್ಯೆ ಎಲ್ಲೋ ದತ್ತು, ಅಥವಾ ಹೇಳದ ಅಪ್ಪ ಇದ್ದರೆ ಸಾಲು ಮುರಿದಿರುತ್ತೆ. ಮುತ್ತಾತನ ಇನ್ನೊಬ್ಬ ಮಗನ ಕಡೆಯ ಮೊಮ್ಮಗನೋ ಮರಿಮಗನೋ ಸಿಕ್ಕರೆ ಅವನದೂ ಮಾಡಿಸಿ. ಇಬ್ಬರದೂ ಕೂಡಿದರೆ ಮುತ್ತಾತನ ವೈ ಖಚಿತ. ಬಿಗ್ ವೈಯಲ್ಲಿ ಸರಾಸರಿ 80-85 ವರ್ಷಕ್ಕೊಂದು ಹೊಸ ಸ್ನಿಪ್ ಸಿಗುತ್ತೆ, ಅಂದರೆ ಇಬ್ಬರ ನಡುವೆ ಒಂದೆರಡೇ ವ್ಯತ್ಯಾಸ ಇರಬೇಕು. ಹತ್ತಿದ್ದರೆ ಯಾರದೋ ಅಪ್ಪ ಬೇರೆ.

ಅಡ್ಡಗೋಡೆ
ಹೇಳದ ಅಪ್ಪ ಸಿಕ್ಕಿಬಿಟ್ಟರೆ ಏನು ಮಾಡೋದು ಅಂತ ಮೊದಲೇ ಮನೆಯವರ ಹತ್ತಿರ ಮಾತಾಡಿ ಮಾಡಿಸಿ. ಮತ್ತೆ, 2023ರಲ್ಲಿ ದೊಡ್ಡ ಕಂಪನಿಯೊಂದರ ಗ್ರಾಹಕರ ಮಾಹಿತಿ ಕಳುವಾದಾಗ ಕಳ್ಳರು ಅಶ್ಕೆನಾಜಿಗಳ ಪಟ್ಟಿಯನ್ನೇ ಬೇರೆ ಮಾಡಿ ಮಾರಾಟಕ್ಕಿಟ್ಟಿದ್ದರು. ಖಾತೆಗೆ ಅಡ್ಡಹೆಸರು ಇಡಿ, ಹಳೇ ಪಾಸ್‌ವರ್ಡ್ ಬೇಡ.

ಹಾಳೆಹುಳ
ಇಸ್ರೇಲಿಗೆ ಹೋಗಿ ನೆಲೆಸೋಕೆ ಈ ವೈ ಫಲಿತಾಂಶ ಉಪಯೋಗಕ್ಕೆ ಬರುತ್ತಾ?

ಅಡ್ಡಗೋಡೆ
ಬೇಕಾಗೇ ಇಲ್ಲ. ಮರಳುವ ಹಕ್ಕಿನ ಕಾನೂನಿಗೆ 1970ರಲ್ಲಿ ಮಾಡಿದ ತಿದ್ದುಪಡಿ ಯಹೂದಿಯ ಮೊಮ್ಮಕ್ಕಳವರೆಗೆ ಹಕ್ಕು ಕೊಡುತ್ತೆ, ಗಂಡುಸಾಲೋ ಹೆಣ್ಣುಸಾಲೋ ಅಂತ ಕೇಳಲ್ಲ. ತಾತ ಯಹೂದಿ ಅಂತ ಕಾಗದ ಬೇಕು: ಜನನ ಪತ್ರ, ಮುತ್ತಾತನ ಕೆತುಬಾ ಅಂದರೆ ಮದುವೆ ಕರಾರು, ಸ್ಮಶಾನದ ದಾಖಲೆ. ಕೆತುಬಾ ಸಿಕ್ಕರೆ ನಿಮ್ಮ ಕೋಹೆನ್ ಪ್ರಶ್ನೆಯೂ ಬಗೆಹರಿಯುತ್ತೆ, ಮದುಮಗನ ಹೆಸರಿನ ಜೊತೆಗೇ "ಹಕೋಹೆನ್" ಅಂತ ಬರೆದಿರ್ತಾರೆ.

ಗೋರಿಗಲ್ಲು
ಕೆತುಬಾ ಇಲ್ಲದಿದ್ದರೆ ಗೋರಿಕಲ್ಲು. ಕೋಹೆನ್ ಆದರೆ ಆಶೀರ್ವಾದಕ್ಕೆ ಚಾಚಿದ ಎರಡು ಅಂಗೈ ಕೆತ್ತಿರ್ತಾರೆ, ಲೇವಿ ಆದರೆ ನೀರಿನ ಹೂಜಿ.

ಹಾಳೆಹುಳ
ಅಯ್ಯೋ, ಕಲ್ಲಿನ ಫೋಟೋ ಇದೆ! ಲಂಡನ್ನಿನ ಯಹೂದಿ ಸ್ಮಶಾನದ್ದು. ಕೈ ಇಲ್ಲ, ಹೂಜಿ ಇಲ್ಲ, ಬರೀ ಬರಹ. ಹೀಬ್ರೂ ಬಲ್ಲವರೊಬ್ಬರು "ಹಲೇವಿ" ಅಂತ ಓದಿದರು. ಹಾಗಾದರೆ ಮನೆಮಾತು ಸುಳ್ಳಾ? ಆರಕ್ಕೆ ಆರು ಬಂದಿತ್ತಲ್ಲ?

ಗೋರಿಗಲ್ಲು
ತಡೀರಿ. ಹೆಸರಿನ ಮುಂದೆ ಮತ್ತು ನಡುವೆ ಯಾವ ಅಕ್ಷರಗಳಿವೆ, ಅನುಕ್ರಮವಾಗಿ ಹೇಳಿ. ಬಲದಿಂದ ಎಡಕ್ಕೆ.

ಹಾಳೆಹುಳ
ಮೇಲೆ ಪೇ-ನೂನ್. ಕೆಳಗೆ ಮೇಮ್-ರೇಶ್-ತಾವ್, ಆಮೇಲೆ ಒಂದು ಹೆಸರು, ಆಮೇಲೆ ಬೇತ್-ರೇಶ್, ಇನ್ನೊಂದು ಹೆಸರು, ಆಮೇಲೆ ಹೇ-ಲಾಮೆದ್-ವಾವ್-ಯೋದ್.

ಗೋರಿಗಲ್ಲು
ಪೇ-ನೂನ್ ಅಂದರೆ "ಇಲ್ಲಿ ಹೂಳಲಾಗಿದೆ", ಬಹುಪಾಲು ಕಲ್ಲುಗಳಲ್ಲಿ ಇರುತ್ತೆ. ಬೇತ್-ರೇಶ್ ಮೋಸದ ಜೋಡಿ: "ಇಂಥವರ ಮಗ" ಅಂತಲೂ ಆಗುತ್ತೆ, "ಇಂಥವರ ಮಗಳು" ಅಂತಲೂ ಆಗುತ್ತೆ. ಗುಟ್ಟು ಇರೋದು ಮೇಮ್-ರೇಶ್-ತಾವ್‌ನಲ್ಲಿ. ಅದು "ಮರತ್", ಶ್ರೀಮತಿ ಅಂತ. ನೀವು ಓದಿಸಿದ್ದು ಮುತ್ತಜ್ಜಿಯ ಕಲ್ಲು. ಲೇವಿ ಆಗಿದ್ದದ್ದು ಆಕೆಯ ಅಪ್ಪ. ವೈಗೂ ಅದಕ್ಕೂ ಸಂಬಂಧವಿಲ್ಲ. ಪಕ್ಕದ ಕಲ್ಲು ನೋಡಿ.

ಹಾಳೆಹುಳ
ಫೋಟೋದ ಅಂಚಿನಲ್ಲಿ ಪಕ್ಕದ ಕಲ್ಲು ಅರ್ಧ ಬಂದಿದೆ, ಮೇಲೆಲ್ಲ ಬಳ್ಳಿ, ಪಾಚಿ. ಆತನೇ ಈ ಭಾನುವಾರ ಹೋಗಿ ತೆಗೀತೀನಿ ಅಂದಿದ್ದಾನೆ.

ಗೋರಿಗಲ್ಲು
ಬಳ್ಳಿ ಎಳೆಯೋದು ಬೇಡ, ಕತ್ತರಿಯಲ್ಲಿ ಬುಡ ಕತ್ತರಿಸಿ ಒಣಗೋಕೆ ಬಿಡಲಿ. ಎಳೆದರೆ ಕಲ್ಲಿನ ಚಕ್ಕೆ ಅಕ್ಷರ ಸಮೇತ ಏಳುತ್ತೆ. ತಂತಿ ಬ್ರಷ್, ವಿನೆಗರ್, ಬ್ಲೀಚ್ ಯಾವುದೂ ಬೇಡ. ಬರೀ ನೀರು, ಮೆತ್ತನೆ ಬ್ರಷ್. ಸಂಜೆ ಓರೆ ಬಿಸಿಲಿನಲ್ಲಿ ಫೋಟೋ ತೆಗೆದರೆ ಸವೆದ ಅಕ್ಷರವೂ ಏಳುತ್ತೆ. ಹೆಸರಿನ ಕೊನೆಯಲ್ಲಿ ಕಾಫ್-ತ್ಸಾದಿ ಇದೆಯಾ ನೋಡೋಕೆ ಹೇಳಿ, "ಹಕೋಹೆನ್" ಅಂತ ಪೂರ್ತಿ ಬರೆಯದೆ ಅಷ್ಟೇ ಬಿಟ್ಟಿರ್ತಾರೆ ಕೆಲವು ಸಲ.

ಮೂರನೇಬೆಂಚು
ಲಂಡನ್ನಲ್ಲಿ ಓರೆ ಬಿಸಿಲು! ಟಾರ್ಚ್ ತಗೊಂಡು ಹೋಗೋಕೆ ಹೇಳಿ.